ಶಿಲೆಯೂ ಗೀತೆಯೂ

ಪ್ರತಿದಿನ ಬೆಳಗ್ಗೆ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ನೀವು ನಾಡಗೀತೆಯನ್ನು ಹಾಡುತ್ತೀರಿ. ಕುವೆಂಪು ಅವರು ರಚಿಸಿದ, 2004ರಲ್ಲಿ ಸರ್ಕಾರವು ನಾಡಗೀತೆಯೆಂದು ಅಂಗೀಕರಿಸಿದ ಆ ಕವಿತೆಯಲ್ಲಿ ಕರ್ನಾಟಕವನ್ನು ಚಿನ್ನದ ಗಣಿಯೆಂದು ಕರೆದಿರುವ ಒಂದು ಮಾತು ಬರುತ್ತದೆ. ಅದು ರಾಗದೊಡನೆ ನಿಮ್ಮ ನಾಲಗೆಯ ಮೇಲೆ ಹರಿದುಹೋಗುತ್ತದೆ. ಆ ಮಾತು ಬರಿಯ ಅಲಂಕಾರವೋ, ಅದರ ಹಿಂದೆ ನೆಲದ ಸತ್ಯವೇನಾದರೂ ಉಂಟೋ ಎಂದು ನಿಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೀರಿ? ಸತ್ಯ ಉಂಟು. ಕೋಲಾರದ ಗಣಿಗಳಲ್ಲಿ 1880ರಿಂದ 2001ರವರೆಗೆ ಜನರು ನೆಲದೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನವನ್ನು ತೆಗೆದರು. ಆ ಗಣಿಗಳು ಮುಚ್ಚಿದ ಮೇಲೆಯೂ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುವ ಕಾರ್ಯ ಇಂದಿಗೂ ನಡೆದಿದೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಆಳದಿಂದ ಕಾದ ನೀರು ಬಂಡೆಗಳ ಬಿರುಕುಗಳಲ್ಲಿ ಮೇಲೇರಿ ಬಂದಾಗ ಅದರಲ್ಲಿ ಕರಗಿದ್ದ ಚಿನ್ನವು ಬೆಣಚುಕಲ್ಲಿನ ಎಳೆಗಳೊಡನೆ ಅಲ್ಲಿ ಉಳಿದುಕೊಂಡಿತು. ಕವಿಯ ಒಂದು ಮಾತಿನಲ್ಲಿ ಇಷ್ಟು ದೊಡ್ಡ ಚರಿತ್ರೆ ಅಡಗಿದೆ.

ಇನ್ನೊಂದು ಹಾಡನ್ನೂ ನೀವು ಬಲ್ಲಿರಿ. ಕೆ. ಎಸ್. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕೇಳದ ಕನ್ನಡಿಗರು ವಿರಳ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ 1978ರಲ್ಲಿ ಧ್ವನಿಸುರುಳಿಯಾಗಿ ಹೊರಬಂದ ಮೇಲೆ ಅದು ಮನೆಮನೆಯ ಹಾಡಾಯಿತು. ಅದರಲ್ಲಿ ಜೋಗದ ಬೆಳಕು, ತುಂಗೆಯ ಹರಿವು ಇವುಗಳ ಜೊತೆಗೆ ಸಹ್ಯಾದ್ರಿಯ ಅದಿರಿನ ಪ್ರಸ್ತಾಪವೂ ಇದೆ. ನಾಡನ್ನು ಹೊಗಳುವ ಹಾಡಿನಲ್ಲಿ ನದಿ, ಶಿಖರ, ಹೂವು, ಹಕ್ಕಿ ಬರುವುದು ಸಹಜ; ಅದಿರು ಬರುವುದು ಅಪೂರ್ವ. ಇದು ಹೇಗೆ ಬಂದಿತೆಂದು ಆಶ್ಚರ್ಯಪಡಬೇಕಾಗಿಲ್ಲ. ನಿಸಾರ್ ಅಹಮದ್ ಅವರು ಭೂವಿಜ್ಞಾನವನ್ನು ಓದಿ, ಕಾಲೇಜುಗಳಲ್ಲಿ ಅದನ್ನೇ ಬೋಧಿಸಿದವರು. ಬೆಟ್ಟವನ್ನು ನೋಡಿದಾಗ ಅದರ ಮೇಲಿನ ಹಸಿರಿನೊಡನೆ ಅದರ ಒಡಲೊಳಗಿನ ಕಬ್ಬಿಣವೂ ಅವರಿಗೆ ಕಂಡಿತು. ಪ್ರಾಚೀನ ಕಡಲುಗಳ ತಳದಲ್ಲಿ ಪದರಪದರವಾಗಿ ತಂಗಿದ ಕಬ್ಬಿಣವೇ ಇಂದು ಬಾಬಾಬುಡನ್ ಗಿರಿ, ಕುದುರೆಮುಖಗಳ ಪಟ್ಟೆಪಟ್ಟೆಯಾದ ಕಲ್ಲುಗಳಲ್ಲಿದೆ. ಕುದುರೆಮುಖದ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು, ಹಾಡು ನಿಲ್ಲಲಿಲ್ಲ.

ಈ ಎರಡು ಹಾಡುಗಳನ್ನು ಮೊದಲಿಗೇ ನೆನೆದುದಕ್ಕೆ ಕಾರಣವಿದೆ. ನೆಲದ ಚರಿತ್ರೆಯನ್ನು ಜನಸಾಮಾನ್ಯರಿಗೆ ಮುಟ್ಟಿಸಬೇಕಾದರೆ ಕವಿತೆಯೂ ಸಂಗೀತವೂ ಅದಕ್ಕೆ ಹತ್ತಿರದ ದಾರಿಗಳೆಂದು ನಾನು ತಿಳಿದಿದ್ದೇನೆ. ವಿಜ್ಞಾನದ ವಿಷಯವನ್ನು ಹಾಡಿನಲ್ಲಿ ಹೇಳುವುದೆಂದರೆ ಅದನ್ನು ಹಗುರ ಮಾಡುವುದೆಂದು ಕೆಲವು ವಿದ್ವಾಂಸರು ಹೇಳಿಯಾರು. ಅವರ ಶಂಕೆಗೆ ಆಧಾರವಿಲ್ಲದಿಲ್ಲ; ಅದನ್ನು ಮುಂದೆ ವಿಚಾರಿಸೋಣ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ನಿಮ್ಮಲ್ಲಿ ಅನೇಕರು ಹತ್ತಿರಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಅಲ್ಲಿ ಒಂದು ಫಲಕವನ್ನು ನಿಲ್ಲಿಸಿದೆ. ಆ ಕಲ್ಲಿನ ಹೆಸರು ಪೆನಿನ್ಸುಲಾರ್ ನೈಸ್. ವಯಸ್ಸು ಸುಮಾರು 300 ಕೋಟಿ ವರ್ಷ. ಫಲಕದ ಮುಂದೆ ಜನರು ನಿಲ್ಲುತ್ತಾರೆ, ಓದುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅವರ ತಪ್ಪಲ್ಲ. 300 ಕೋಟಿ ಎಂಬ ಸಂಖ್ಯೆಯು ಕಣ್ಣಿಗೆ ಕಾಣುವುದೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ. 30 ಕೋಟಿ ಎಂದು ಬರೆದಿದ್ದರೂ ಅವರು ಅಷ್ಟೇ ಹೊತ್ತು ನಿಂತು ಅಷ್ಟೇ ತಣ್ಣಗೆ ಹೊರಟುಬಿಡುತ್ತಿದ್ದರು.

ಈಗ ಸಂಗೀತಗಾರನೊಬ್ಬನು ಆ ಬಂಡೆಯ ಮೇಲೆ ಕುಳಿತು, ಸೆಕೆಂಡಿಗೆ ಒಂದು ಪೆಟ್ಟಿನಂತೆ ತಾಳ ಹಾಕಲು ತೊಡಗಿದನೆಂದು ಭಾವಿಸಿರಿ. ಒಂದು ಪೆಟ್ಟೆಂದರೆ ಒಂದು ವರ್ಷ. ಇಂದಿನಿಂದ ಹಿಂದುಹಿಂದಕ್ಕೆ ಅವನ ಪಯಣ. ವಿಜಯನಗರ ಸ್ಥಾಪನೆಯಾದ 1336ನೆಯ ಇಸವಿಯನ್ನು ಮುಟ್ಟಲು ಅವನಿಗೆ ಹನ್ನೊಂದೂವರೆ ನಿಮಿಷ ಸಾಕು. 'ಕವಿರಾಜಮಾರ್ಗ' ರಚಿತವಾದ ಕಾಲಕ್ಕೆ ಸುಮಾರು 20 ನಿಮಿಷ. ಗೌತಮ ಬುದ್ಧನ ಕಾಲಕ್ಕೆ ಒಂದು ಗಂಟೆಯೂ ಬೇಡ. ನಾವು ಪಾಠಪುಸ್ತಕಗಳಲ್ಲಿ ಓದುವ ಚರಿತ್ರೆಯೆಲ್ಲ ಒಂದು ಸಂಜೆಯ ಕಚೇರಿಯೊಳಗೆ ಮುಗಿದುಹೋಗುತ್ತದೆ. ಆದರೆ ವಿಜಯಪುರ, ಕಲಬುರಗಿಗಳ ಕರಿಯ ಎರೆಮಣ್ಣಿಗೆ ತಾಯಿಯಾದ ದಖನ್ನಿನ ಲಾವಾ ಹರಿದ ದಿನಗಳನ್ನು ತಲುಪಬೇಕಾದರೆ ಆತನು ಊಟ ನಿದ್ರೆಗಳಿಲ್ಲದೆ ಎರಡು ವರ್ಷಕ್ಕಿಂತಲೂ ಹೆಚ್ಚು ಕಾಲ ತಾಳ ಹಾಕುತ್ತಿರಬೇಕು. ತಾನು ಕುಳಿತ ಬಂಡೆಯು ಹುಟ್ಟಿದ ಕಾಲವನ್ನು ತಲುಪುವಾಗ 95 ವರ್ಷಗಳು ಕಳೆದಿರುತ್ತವೆ. ಹುಟ್ಟಿದ ದಿನವೇ ಆರಂಭಿಸಿದ್ದರೂ ಆತನು ಅಷ್ಟರಲ್ಲಿ ಹಣ್ಣುಹಣ್ಣು ಮುದುಕನಾಗಿರುತ್ತಾನೆ. ಲೆಕ್ಕ ಅದೇ, ಫಲಕದಲ್ಲಿ ಇದ್ದ ಸಂಖ್ಯೆಯೇ. ತಾಳಕ್ಕೆ ಕಟ್ಟಿದ ಕೂಡಲೇ ಅದು ನಮ್ಮ ಮೈಗೆ ತಾಗುತ್ತದೆ. ಕಾಲವನ್ನು ಅಳೆದು ಅನುಭವಕ್ಕೆ ತರುವ ಕಲೆ ಸಂಗೀತ. ಕಾಲವೇ ಭೂವಿಜ್ಞಾನದ ಜೀವಾಳ. ಇವೆರಡೂ ಇಷ್ಟು ದಿನ ದೂರದೂರ ಉಳಿದುದೇ ವಿಚಿತ್ರವೆಂದು ನನಗೆ ತೋರುತ್ತದೆ.

ಹಿಂದಿನವರು ಇವನ್ನು ಇಷ್ಟು ದೂರ ಇಟ್ಟಿರಲಿಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಹೆಂಗಸರು ನಸುಕಿನಲ್ಲೆದ್ದು ರಾಗಿ ಬೀಸುತ್ತ ಹಾಡುತ್ತಿದ್ದರು. ಬೀಸುವ ಕಲ್ಲಿನ ಪದಗಳೆಂದೇ ಅವಕ್ಕೆ ಹೆಸರು. ತಿರುಗುವ ಕಲ್ಲಿನ ಗರಗರ ಸದ್ದೇ ಆ ಹಾಡಿಗೆ ಶ್ರುತಿ. ಆ ಕಲ್ಲನ್ನು ಅಕ್ಕರೆಯಿಂದ ಮಾತನಾಡಿಸುವ, ಅದಕ್ಕೆ ಕೈಮುಗಿಯುವ ತ್ರಿಪದಿಗಳು ಎಷ್ಟೋ ಇವೆ. ಯಾವ ಕಲ್ಲು ಗಟ್ಟಿ, ಯಾವುದು ಬೇಗ ಸವೆದು ಹಿಟ್ಟಿನೊಳಗೆ ಮರಳು ಬಿಡುತ್ತದೆ ಎಂಬುದನ್ನು ಆ ಹೆಂಗಸರು ಯಾವ ಪಾಠಶಾಲೆಯಲ್ಲೂ ಕಲಿಯಲಿಲ್ಲ. 'ಕೆರೆಗೆ ಹಾರ'ದ ಕಥೆಯನ್ನೂ ನೆನೆಯಿರಿ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿಯು ಬಲಿಯಾದ ಕಥೆ ಅದು. ಮಳೆ ಕಡಮೆಯ ಗಟ್ಟಿನೆಲದಲ್ಲಿ ಒಂದು ಕೆರೆಗೆ ನೀರು ಬರುವುದೆಂದರೆ ಏನೆಂಬುದನ್ನು ಯಾವ ಇಲಾಖೆಯ ವರದಿಯೂ ಅಷ್ಟು ತೀಕ್ಷ್ಣವಾಗಿ ಹೇಳಲಾರದು. ಆ ಹಾಡು ಬರೆಹವಿಲ್ಲದೆ ಬಾಯಿಂದ ಬಾಯಿಗೆ ಬಂದಿತು.

ಇನ್ನು ವಿದ್ವಾಂಸರ ಶಂಕೆಗೆ ಬರೋಣ. ಹಾಡು ಸತ್ಯವನ್ನು ಹೊತ್ತಂತೆ ಸುಳ್ಳನ್ನೂ ಹೊರುತ್ತದೆಯೆಂಬುದು ಅವರ ಆಕ್ಷೇಪ. ಹಂಪೆಗೆ ಹೋದವರೆಲ್ಲ ಅಲ್ಲಿನ ಗುಡ್ಡಗಳನ್ನು ಕಂಡು ಬೆರಗಾಗುತ್ತಾರೆ. ದೈತ್ಯರ ಮಕ್ಕಳು ಆಡಿ ಬಿಟ್ಟುಹೋದ ಗೋಲಿಗಳಂತೆ ಬಂಡೆಯ ಮೇಲೆ ಬಂಡೆ, ಅದರ ಮೇಲೆ ಮತ್ತೊಂದು ಬಂಡೆ! ವಾಲಿ ಸುಗ್ರೀವರು ಕಾದಾಡುವಾಗ ಒಬ್ಬರ ಮೇಲೊಬ್ಬರು ಎಸೆದ ಕಲ್ಲುಗಳಿವು ಎಂದು ಸ್ಥಳೀಯರು ಹೇಳುತ್ತಾರೆ. ಭೂವಿಜ್ಞಾನಿಯು ಹೇಳುವುದೇ ಬೇರೆ. ಈ ಬಂಡೆಗಳನ್ನು ಯಾರೂ ಎಸೆಯಲಿಲ್ಲ. ಅವು ಎಲ್ಲಿಂದಲೂ ಉರುಳಿ ಬಂದವೂ ಅಲ್ಲ. ಹೆಚ್ಚಿನವು ಹುಟ್ಟಿದಲ್ಲಿಯೇ ಇವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲಾದ್ರವವು ಮೆಲ್ಲಮೆಲ್ಲನೆ ತಣಿದು ಗ್ರಾನೈಟ್ ಆಯಿತು. ಅದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಸೀಳುಗಳು ಬಿದ್ದವು. ನೆಲದೊಳಕ್ಕೆ ಇಳಿದ ಮಳೆನೀರು ಆ ಸೀಳುಗಳಲ್ಲಿ ಹರಿದು, ಚೌಕಚೌಕವಾದ ಕಲ್ಲುಗಳ ಮೂಲೆಗಳನ್ನು ಮೊದಲು ಕೊಳೆಯಿಸಿ, ಅವನ್ನು ದುಂಡಗೆ ಮಾಡಿತು. ಕೊಳೆತ ಭಾಗವು ಮಣ್ಣಾಗಿ ಕೊಚ್ಚಿಹೋದ ಮೇಲೆ ಗಟ್ಟಿಯಾದ ತಿರುಳುಗಳು ಒಂದರ ಮೇಲೊಂದು ಕುಳಿತಂತೆಯೇ ಉಳಿದವು. ಇದೇ ಕಲ್ಲಿನ ಪಟ್ಟಿಯು ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರುಗಳವರೆಗೆ ಹಬ್ಬಿದೆ. ರಾಮನಗರದ ಬೆಟ್ಟಗಳೂ ಇದೇ ವಂಶಕ್ಕೆ ಸೇರಿದವು. ಆ ಊರಿಗೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಇದನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

ಹಾಗಾದರೆ ವಾಲಿ ಸುಗ್ರೀವರ ಕಥೆಯನ್ನು ಬಿಟ್ಟುಬಿಡಬೇಕೆ? ನಾನು ಬೇಡವೆನ್ನುತ್ತೇನೆ. ಆ ಕಥೆಯನ್ನು ಕಟ್ಟಿದವನು ಬೆಟ್ಟವನ್ನು ಕಣ್ಣಿಟ್ಟು ನೋಡಿದ್ದನು. ಈ ಬಂಡೆಗಳು ಇಲ್ಲಿಗೆ ಹೇಗೆ ಬಂದವು ಎಂಬ ಪ್ರಶ್ನೆ ಅವನಿಗೆ ಎದ್ದಿತು. ತನಗೆ ತಿಳಿದ ಉತ್ತರವನ್ನು ಅವನು ಕೊಟ್ಟನು. ಭೂವಿಜ್ಞಾನಿಯು ಕೇಳುವುದೂ ಅದೇ ಪ್ರಶ್ನೆಯನ್ನು. ಕಥೆಯನ್ನು ಕೇಳಿ ಬೆಳೆದ ಮಗುವಿಗೆ ಪ್ರಶ್ನೆಯು ಮೊದಲೇ ದೊರೆತಿರುತ್ತದೆ. ನಾವು ಉತ್ತರವನ್ನು ಮಾತ್ರ ಬದಲಾಯಿಸಿಕೊಡಬೇಕು. ಆದರೆ ಕಥೆಯನ್ನು ಕಥೆಯೆಂದೂ ವಿಜ್ಞಾನವನ್ನು ವಿಜ್ಞಾನವೆಂದೂ ಹೇಳಬೇಕು. ಎರಡನ್ನೂ ಕಲಸಿ, ಪುರಾಣದಲ್ಲಿಯೇ ವಿಜ್ಞಾನವೆಲ್ಲ ಇದ್ದಿತೆಂದು ಸಾಧಿಸ ಹೊರಡುವವರು ಎರಡಕ್ಕೂ ಅಪಚಾರ ಮಾಡುತ್ತಾರೆ.

ಹಂಪೆಯ ವಿಠ್ಠಲ ದೇವಾಲಯದ ಸಂಗೀತ ಸ್ತಂಭಗಳ ವಿಷಯದಲ್ಲಿಯೂ ಇಂತಹ ಕಥೆಯುಂಟು. ಕಂಬಗಳ ಒಳಗೆ ಏನೋ ಇದೆಯೆಂದೂ ಅದನ್ನು ಕಾಣಲು ಬ್ರಿಟಿಷರು ಎರಡು ಕಂಬಗಳನ್ನು ಕತ್ತರಿಸಿದರೆಂದೂ ಮಾರ್ಗದರ್ಶಿಗಳು ಹೇಳುವುದುಂಟು. ವಿಜ್ಞಾನಿಗಳು ಆ ಕಂಬಗಳನ್ನು ಪರೀಕ್ಷಿಸಿ 2008ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಕಂಬಗಳು ಟೊಳ್ಳಲ್ಲ, ಘನವಾದ ಕಲ್ಲುಗಳು. ತಟ್ಟಿದಾಗ ಅವು ಕಣ್ಣಿಗೆ ಕಾಣದಷ್ಟು ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ. ಒಳಗೆ ಏನೂ ಇಲ್ಲವೆಂದು ತಿಳಿದ ಮೇಲೆ ಆ ಶಿಲ್ಪಿಗಳ ವಿಷಯದಲ್ಲಿ ನನ್ನ ಗೌರವ ಇಮ್ಮಡಿಯಾಯಿತು. ಶಿಲ್ಪಶಾಸ್ತ್ರಗಳು ಕಲ್ಲನ್ನು ಗಂಡು, ಹೆಣ್ಣು, ನಪುಂಸಕ ಎಂದು ಅದರ ದನಿಯಿಂದಲೇ ವಿಂಗಡಿಸುತ್ತವೆ. ಕಂಚಿನ ಗಂಟೆಯಂತೆ ನಾದ ಕೊಡುವುದು ಗಂಡುಕಲ್ಲು. ಕಲ್ಲನ್ನು ಕಿವಿಯಿಂದ ಓದುವ ವಿದ್ಯೆ ಅವರಿಗೆ ಕರಗತವಾಗಿತ್ತು. (ನೀವು ಅಲ್ಲಿಗೆ ಹೋದಾಗ ಕಂಬಗಳನ್ನು ತಟ್ಟಬಾರದು. ತಟ್ಟಿ ತಟ್ಟಿ ಅವು ಹಾಳಾಗುತ್ತಿರುವುದರಿಂದ ಅದನ್ನು ನಿಷೇಧಿಸಲಾಗಿದೆ.)

ಹಾಡೊಂದು ಒಂದು ಶಿಲೆಯನ್ನು ಲೋಕಪ್ರಸಿದ್ಧ ಮಾಡಬಲ್ಲುದೇ ಎಂದರೆ, ಅದಕ್ಕೆ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಸ್ಟಾಫಾ ಎಂಬ ಪುಟ್ಟ ದ್ವೀಪವೇ ಸಾಕ್ಷಿ. ಅದು ಲಾವಾರಸ ತಣಿದು ಆದ ಕಂಬಗಲ್ಲುಗಳ ದ್ವೀಪ. ದಪ್ಪನೆಯ ಲಾವಾ ತಣಿಯುವಾಗ ಕುಗ್ಗುತ್ತದೆ. ಕುಗ್ಗುವಾಗ, ಬೇಸಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವಂತೆ, ಬಿರಿಯುತ್ತದೆ. ಆ ಬಿರುಕುಗಳು ಮೇಲಿಂದ ಕೆಳಕ್ಕೆ ಇಳಿದಂತೆ ಐದು ಮೂಲೆಯ, ಆರು ಮೂಲೆಯ ಕಂಬಗಳು ಸಾಲಾಗಿ ನಿಲ್ಲುತ್ತವೆ. ಇಂತಹ ಕಂಬಗಳ ನಡುವೆ ಕಡಲು ಕೊರೆದ ಒಂದು ಗುಹೆಯಿದೆ. ಅಲೆಗಳು ನುಗ್ಗಿದಾಗ ಅದು ಮೊಳಗುತ್ತದೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಅದಕ್ಕೆ 'ಇಂಪಾದ ಗುಹೆ' ಎಂಬ ಅರ್ಥದ ಹೆಸರಿದೆ. ಫಿಂಗಲನ ಗುಹೆಯೆಂಬ ಇನ್ನೊಂದು ಹೆಸರು ಕಾವ್ಯದಿಂದ ಬಂದುದು. 1829ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷದ ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ಆ ಕಡಲಿಗೆ ಬಂದನು. ಆ ದ್ವೀಪಗಳನ್ನು ಕಂಡು ತನ್ನ ಮನಸ್ಸಿಗೆ ಬಂದ ಸ್ವರಗಳನ್ನು ಮನೆಗೆ ಬರೆದ ಪತ್ರದಲ್ಲಿ ಗುರುತಿಸಿ ಕಳುಹಿಸಿದನು. ಗುಹೆಯನ್ನು ಕಂಡುದು ಮರುದಿನ. ಅಂದು ಕಡಲಬೇನೆಯಿಂದ ಅವನ ಗತಿ ಶೋಚನೀಯವಾಗಿತ್ತಂತೆ! ಆ ಸ್ವರಗಳಿಂದ ಬೆಳೆದ ವಾದ್ಯಕೃತಿಯು 1832ರಲ್ಲಿ ಲಂಡನ್ನಿನಲ್ಲಿ ಮೊದಲು ಕೇಳಿಬಂದಿತು. ಅಂದಿನಿಂದ ಸ್ಟಾಫಾದ ಹೆಸರು ಕೇಳದ ಸಂಗೀತಪ್ರೇಮಿಗಳಿಲ್ಲ. 1986ರಿಂದ ಆ ದ್ವೀಪವು ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ರಕ್ಷಣೆಯಲ್ಲಿದೆ.

ಅಂತಹುದೇ ಕಂಬಗಲ್ಲುಗಳು ನಮ್ಮಲ್ಲಿಯೂ ಇವೆ. ಉಡುಪಿಯ ಬಳಿ ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪಗಳ ಶಿಲೆಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ಆ ಕಾಲಕ್ಕೆ ಭಾರತವೂ ಮಡಗಾಸ್ಕರವೂ ಒಂದಾಗಿದ್ದವು. ನೆಲ ಸೀಳಿ ಅವೆರಡೂ ಅಗಲಿದಾಗ ಉಕ್ಕಿದ ಲಾವಾ ಇಲ್ಲಿ ಕಂಬಗಳಾಗಿ ನಿಂತಿದೆ. ಇದಕ್ಕಿಂತ ದೊಡ್ಡ ಅಗಲಿಕೆಯ ಪ್ರಸಂಗವನ್ನು ಯಾವ ಭಾಗವತನು ಹಾಡಿಯಾನು? ಯಕ್ಷಗಾನದ ನಾಡಿನಲ್ಲಿಯೇ, ಪಾಡ್ದನಗಳ ನಾಡಿನಲ್ಲಿಯೇ ಈ ಕಂಬಗಳು ನಿಂತಿವೆ. ಒಡಹುಟ್ಟಿದವರಿಬ್ಬರು ಕಡಲಿನ ಎರಡು ದಡಗಳಿಗೆ ಸರಿದುಹೋದ ಕಥೆಯನ್ನು ಚೆಂಡೆ ಮದ್ದಳೆಗಳೊಡನೆ ಕೇಳಿದ ಮಗು ಭೂಖಂಡಗಳ ಚಲನೆಯನ್ನು ಮರೆಯುವುದುಂಟೆ? ಆದರೆ ಇಂದು ಆ ದ್ವೀಪಕ್ಕೆ ಹೋಗುವವರಲ್ಲಿ ಬಹುಮಂದಿ ಕಂಬಗಳ ಮೇಲೆ ನಿಂತು ಭಾವಚಿತ್ರ ತೆಗೆಸಿಕೊಂಡು ಬರುತ್ತಾರೆ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ಕಡಲತಳದಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿ ದಿಂಬುಗಳ ಆಕಾರದಲ್ಲಿ ಗಟ್ಟಿಯಾಗಿ ರಾಶಿಬಿದ್ದಿದೆ. ಬಯಲುಸೀಮೆಯ ನಡುವೆ ಕಡಲಿನ ಗುರುತು! ಆ ಕಲ್ಲುದಿಂಬುಗಳಿಗೊಂದು ಜೋಗುಳ ಬೇಡವೆ?

ಇಲ್ಲಿಯವರೆಗೆ ಹೇಳಿದುದು ಕಲ್ಲನ್ನು ಕುರಿತ ಹಾಡಿನ ಮಾತು. ಕಲ್ಲೇ ಹಾಡುವ ಒಂದು ಗುಡ್ಡ ನಮ್ಮ ನಾಡಿನಲ್ಲಿದೆ. ಬಳ್ಳಾರಿಯ ಹತ್ತಿರ ಸಂಗನಕಲ್ಲು, ಕುಪ್ಪಗಲ್ಲು ಎಂಬ ಊರುಗಳ ನಡುವೆ ಹಿರೇಗುಡ್ಡವಿದೆ. ಸುಮಾರು 5000 ವರ್ಷಗಳ ಹಿಂದೆ ಈ ಸೀಮೆಯಲ್ಲಿ ದನ ಸಾಕುವ, ಬೇಸಾಯ ಮಾಡುವ ಜನರು ನೆಲೆಸತೊಡಗಿದರು. ಲೋಹವನ್ನರಿಯದ ಅವರು ಕಲ್ಲಿನ ಕೊಡಲಿಗಳನ್ನು ಇಲ್ಲಿಯೇ ರಾಶಿರಾಶಿಯಾಗಿ ಮಾಡಿದರು. ಗ್ರಾನೈಟ್ ಗುಡ್ಡವನ್ನು ಸೀಳಿಕೊಂಡು ಗೋಡೆಯಂತೆ ಎದ್ದಿರುವ ಡಾಲರೈಟ್ ಎಂಬ ಕಪ್ಪು ಕಲ್ಲೇ ಆ ಕೊಡಲಿಗಳಿಗೆ ಒದಗಿತು. ಅದೇ ಕಪ್ಪು ಬಂಡೆಗಳ ಮೇಲೆ ಅವರೂ ಅವರ ನಂತರದವರೂ ಉದ್ದಕೊಂಬಿನ ಎತ್ತುಗಳನ್ನು, ಮನುಷ್ಯರನ್ನು ಕುಟ್ಟಿ ಚಿತ್ರಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಚಿತ್ರಗಳು ವಿದ್ವಾಂಸರ ಗಮನಕ್ಕೆ ಬಂದವು. ಅಲ್ಲಿ ಕೆಲವು ಬಂಡೆಗಳ ಮೇಲೆ ಬಟ್ಟಲಿನಂತಹ ತಗ್ಗುಗಳಿವೆ. ಸಣ್ಣ ಗ್ರಾನೈಟ್ ಕಲ್ಲಿನಿಂದ ಆ ತಗ್ಗುಗಳಲ್ಲಿ ಬಡಿದರೆ ಜಾಗಟೆಯಂತಹ ನಾದ ಹೊಮ್ಮುತ್ತದೆ. ನಿಕೋಲ್ ಬೊಯಿವಿನ್ ಎಂಬ ವಿದುಷಿ 2004ರಲ್ಲಿ ಇದನ್ನು ಕುರಿತು ಬರೆದು, ಆ ಕಾಲದ ಜನರಿಗೆ ಈ ಬಂಡೆಗಳು ವಾದ್ಯಗಳಾಗಿದ್ದಿರಬೇಕೆಂದು ಸೂಚಿಸಿದರು.

ಆ ಕಲ್ಲು ಹೀಗೆ ಮೊಳಗುವುದೇಕೆ? ಡಾಲರೈಟಿನಲ್ಲಿ ಸಣ್ಣಸಣ್ಣ ಹರಳುಗಳು ಒಂದರೊಳಗೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ನಡುವೆ ಸಂದುಗಳಿರುವುದಿಲ್ಲ. ಅದರಿಂದ ಪೆಟ್ಟಿನ ಕಂಪನವು ಕಲ್ಲಿನ ಒಳಗೆಲ್ಲ ತಡೆಯಿಲ್ಲದೆ ಓಡಾಡುತ್ತದೆ. ಇದರ ಜೊತೆಗೆ, ಬಂಡೆಯು ಕೆಳಗಿನ ಕಲ್ಲುಗಳ ಮೇಲೆ ಎರಡು ಮೂರು ಕಡೆ ಮಾತ್ರ ಊರಿ ಕುಳಿತಿರಬೇಕು. ತೂಗುಹಾಕಿದ ಗಂಟೆಯು ನುಡಿಯುತ್ತದೆ, ಕೈಯಿಂದ ಹಿಡಿದ ಗಂಟೆಯು ನುಡಿಯುವುದಿಲ್ಲವಲ್ಲವೆ? ಇದೂ ಹಾಗೆಯೇ. ಆದ್ದರಿಂದ ಆ ನಾದ ಕೇವಲ ಕಲ್ಲಿನ ಗುಣವಲ್ಲ. ಆ ಕಲ್ಲು ಆ ಗುಡ್ಡದಲ್ಲಿ ಆ ಭಂಗಿಯಲ್ಲಿ ಕುಳಿತುದರ ಫಲ. ಅದನ್ನು ತಂದು ವಸ್ತುಸಂಗ್ರಹಾಲಯದಲ್ಲಿಟ್ಟರೆ ಕಲ್ಲು ಉಳಿದೀತು, ನಾದ ಉಳಿಯುವುದೆಂಬ ಭರವಸೆಯಿಲ್ಲ. ಒಡೆದು ಜಲ್ಲಿ ಮಾಡಿದರಂತೂ ಎರಡೂ ಇಲ್ಲ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಕಲ್ಲುಗಣಿಗಾರಿಕೆಯಿಂದ ಈ ಗುಡ್ಡಕ್ಕೆ ಒದಗಿದ ಅಪಾಯವನ್ನು ಆ ಸಂಶೋಧಕರು ಅಂದೇ ಎತ್ತಿ ತೋರಿಸಿದ್ದರು. ಕರಿಕಲ್ಲಿಗೆ ಬೆಲೆಯಿದೆ, ರಸ್ತೆಗೆ ಜಲ್ಲಿ ಬೇಕು, ಕಲ್ಲೊಡೆದು ಹೊಟ್ಟೆ ಹೊರೆಯುವವರಿಗೆ ಕೂಲಿ ಬೇಕು. ಇವು ಯಾವುವೂ ಸುಳ್ಳಲ್ಲ. ಆದರೆ ಜಲ್ಲಿಯನ್ನು ಬೇರೆ ಗುಡ್ಡದಿಂದ ತರಬಹುದು. ಯಾವ ಗುಡ್ಡ ಬೇರೆ, ಯಾವುದು ಇದೇ ಎಂಬುದು ಊರಿನವರಿಗೆ ತಿಳಿದಿರಬೇಕಾದರೆ ಆ ಗುಡ್ಡವು ಅವರ ಹಾಡಿನಲ್ಲಿ ಇರಬೇಕು. ಹಾಡಿನಲ್ಲಿರುವ ಗುಡ್ಡಕ್ಕೆ ಸಿಡಿಮದ್ದು ಇಡುವವನ ಕೈ ಒಂದು ಗಳಿಗೆಯಾದರೂ ತಡೆಯುತ್ತದೆ. ಹೆಸರಿಲ್ಲದ ಗುಡ್ಡಕ್ಕೆ ಆ ಗಳಿಗೆಯೂ ಇಲ್ಲ.

ಕಾನೂನೊಂದೇ ಇದಕ್ಕೆ ಸಾಲದು. ಕರ್ನಾಟಕದಲ್ಲಿ ನಾಲ್ಕು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಲಾಗಿದೆ. ಮೇಲೆ ಹೇಳಿದ ಲಾಲ್‌ಬಾಗ್, ಸೇಂಟ್ ಮೇರೀಸ್ ದ್ವೀಪ, ಮರಡಿಹಳ್ಳಿಗಳ ಜೊತೆಗೆ ಕೋಲಾರ ಚಿನ್ನದ ಸೀಮೆಯ ಪೆದ್ದಪಲ್ಲಿ ನಾಲ್ಕನೆಯದು. ನಾಲ್ಕು ಫಲಕಗಳು ನಾಡಿನ ಬೆಟ್ಟಗಳನ್ನೆಲ್ಲ ಕಾಯಲಾರವು.

ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ಹಾಡುವ ಕಲ್ಲುಗಳಿಗೆ ಸಿಕ್ಕಿದ ಆದರವನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಜೋಸೆಫ್ ರಿಚರ್ಡ್‌ಸನ್ ಎಂಬ ಕಲ್ಲುಕೆಲಸದವನು ಸ್ಕಿಡಾ ಬೆಟ್ಟದ ಕಲ್ಲುಗಳನ್ನು ಆಯ್ದು, ಸ್ವರಕ್ಕೆ ಸರಿಯಾಗಿ ಕೆತ್ತಿ, ಹದಿಮೂರು ವರ್ಷ ದುಡಿದು ಒಂದು ಕಲ್ಲಿನ ವಾದ್ಯವನ್ನು ಸಿದ್ಧಪಡಿಸಿದನು. 1848ರಲ್ಲಿ ಅದನ್ನು ವಿಕ್ಟೋರಿಯಾ ರಾಣಿಯ ಮುಂದೆ ನುಡಿಸಲಾಯಿತು. ಇಂದಿಗೂ ಅದು ಕೆಸ್ವಿಕ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಇತ್ತೀಚೆಗೆ, 2010ರಲ್ಲಿ, ಲೀಡ್ಸ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳ ಪ್ರಯತ್ನದಿಂದ ಅಲ್ಲಿನ ಕಲ್ಲುಗಳದೇ ಹೊಸ ವಾದ್ಯವೊಂದು ಸಿದ್ಧವಾಗಿ, ಲೇಖಕ ರಸ್ಕಿನ್ ಬಾಳಿದ ಬ್ರಾಂಟ್‌ವುಡ್ ಮನೆಯಲ್ಲಿ ನೆಲೆಗೊಂಡಿತು. ಯಾವ ಕಲ್ಲು ಏಕೆ ಹಾಗೆ ನುಡಿಯುತ್ತದೆ ಎಂಬುದನ್ನು ಮಕ್ಕಳು ತಾವೇ ಬಡಿದು ತಿಳಿಯಬಹುದು. ಹಳೆಯ ಸ್ಮಾರಕವನ್ನು ಮುಟ್ಟದೆಯೇ ಕೇಳ್ಮೆಯ ಆನಂದ ಪಡೆಯುವ ಉಪಾಯವಿದು. ನಮ್ಮ ಶಾಲೆಗಳಿಗೂ ಇದು ಅಸಾಧ್ಯವೇನಲ್ಲ.

ಆದರೆ ಎಂತಹ ಹಾಡು ಬೇಕು? ಗಿರಿ, ಶಿಖರ, ಝರಿ, ಕಾನನ ಎಂದು ಪದಗಳ ಮಾಲೆ ಕಟ್ಟುವ ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಯಾವ ಗಿರಿಯನ್ನು ತೆಗೆದು ಯಾವುದನ್ನು ಇಟ್ಟರೂ ವ್ಯತ್ಯಾಸವಾಗುವುದಿಲ್ಲ. ಅವುಗಳಿಂದ ನೆಲದ ಜ್ಞಾನ ಬೆಳೆಯುವುದಿಲ್ಲ. ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದವನು ಸ್ಕಾಟ್ಲೆಂಡಿನ ಕವಿ ಹ್ಯೂ ಮ್ಯಾಕ್‌ಡರ್ಮಿಡ್. ಶೆಟ್‌ಲೆಂಡ್ ದ್ವೀಪಗಳ ಕಲ್ಲುಗಳನ್ನು ಕುರಿತು 1934ರಲ್ಲಿ ಪ್ರಕಟಿಸಿದ ದೀರ್ಘ ಕವಿತೆಯ ಆರಂಭದಲ್ಲಿಯೇ ಅವನು ಶಿಲಾಶಾಸ್ತ್ರದ ಅಪರೂಪ ಪದಗಳನ್ನು ರಾಶಿ ಹಾಕಿದ್ದಾನೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಅದು ಧೀರ ಪ್ರಯೋಗವೆಂದು ನಾನು ಮೆಚ್ಚುತ್ತೇನೆ. ಆದರೆ ಹಳ್ಳಿಯ ಶಾಲೆಯ ಅಂಗಳದಲ್ಲಿ ಅದು ಹಾಡಾಗಲಾರದು.

ಕನ್ನಡಕ್ಕೆ ಆ ಕಷ್ಟವಿಲ್ಲ. ನಮ್ಮ ಆಡುನುಡಿಯಲ್ಲಿ ಕಲ್ಲುಗಳಿಗೆ ಎಷ್ಟು ಸೊಗಸಾದ ಹೆಸರುಗಳಿವೆ ನೋಡಿರಿ. ಮಕ್ಕಳು ಸ್ಲೇಟಿನ ಮೇಲೆ ಬರೆದ ಬಳಪದ ಕಲ್ಲೇ ಬೇಲೂರು ಹಳೆಯಬೀಡುಗಳ ಶಿಲ್ಪಗಳ ಕಲ್ಲಿಗೆ ಹತ್ತಿರದ ಬಂಧು. ಕರಾವಳಿಯ ಮನೆಗಳ ಗೋಡೆಯಲ್ಲಿ ಕಾಣುವುದು ಮುರಕಲ್ಲು. ಅದಕ್ಕೇ ಜಂಬಿಟ್ಟಿಗೆಯೆಂಬ ಹೆಸರೂ ಇದೆ. ಬೆಣಚುಕಲ್ಲು, ಸುಣ್ಣಕಲ್ಲು, ಕಗ್ಗಲ್ಲು ಇವೆಲ್ಲ ನಿಮಗೆ ತಿಳಿದವೇ. ಹೊಳೆಯುವ ಅಭ್ರಕಕ್ಕೆ ನಮ್ಮ ಜನರು ಕಾಗೆಬಂಗಾರವೆಂದರು! ಆ ಹೆಸರನ್ನು ಇಟ್ಟವನು ಕವಿಯಲ್ಲದೆ ಮತ್ತಾರು? ಪೆನಿನ್ಸುಲಾರ್ ನೈಸ್ ಎಂಬುದು ಪರೀಕ್ಷೆಯ ಉತ್ತರಪತ್ರಿಕೆಗೆ ಇರಲಿ. ಬಿಳಿ ಕಪ್ಪು ಪಟ್ಟೆಗಳು ಸುತ್ತಿ ಸುಳಿದ ಆ ಕಲ್ಲಿಗೆ ಹಾಡಿನಲ್ಲಿ ಬೇರೊಂದು ಹೆಸರನ್ನು ನಮ್ಮ ಕವಿಗಳು ಕೊಡಬೇಕು. ಹಾಡು ಬರೆಯುವವನು ಭೂವಿಜ್ಞಾನಿಯೊಡನೆ ಒಂದು ದಿನ ಗುಡ್ಡ ಹತ್ತಬೇಕು. ಭೂವಿಜ್ಞಾನಿಯು ಬರೆದ ಹಾಡನ್ನು ಕೇಳಿ ತಪ್ಪಿದ್ದರೆ ತಿದ್ದಬೇಕು. ಇಬ್ಬರಿಗೂ ಇದರಿಂದ ಅವಮಾನವಿಲ್ಲ.

ಹಾಡಿಗೆ ಪ್ರಸಿದ್ಧಿ ಬಂದರೆ ಜನಜಂಗುಳಿ ಬರುತ್ತದೆ; ಜನಜಂಗುಳಿಯಿಂದ ತಾಣ ಕೆಡುತ್ತದೆ ಎನ್ನುವವರೂ ಇದ್ದಾರೆ. ಅದು ನಿಜವಾದ ತೊಂದರೆ. ಅದಕ್ಕೆ ಕಾವಲು, ಬೇಲಿ, ಕಟ್ಟುಪಾಡುಗಳು ಬೇಕೇ ಬೇಕು. ಆದರೆ ಜನರ ಕಾಲಿಗೆ ಸವೆದ ಬಂಡೆಯನ್ನು ನಾಳೆ ಕಾಪಾಡಬಹುದು. ಸಿಡಿದು ಹೋದುದನ್ನು ಕಾಪಾಡುವ ಮಾತೇ ಇಲ್ಲ.

ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಲಾಟವೋ ಲಾವಣಿಯೋ ಗೀಗೀ ಪದವೋ ಇದ್ದೇ ಇರುತ್ತದೆ. ಈ ಸಲ ನಿಮ್ಮೂರಿನ ಗುಡ್ಡವನ್ನು ಕುರಿತು ಒಂದು ಪದ ಕಟ್ಟಬಾರದೇಕೆ? ಅದರ ಕಲ್ಲು ಯಾವುದು, ವಯಸ್ಸೆಷ್ಟು ಎಂಬುದನ್ನು ವಿಜ್ಞಾನದ ಉಪಾಧ್ಯಾಯರು ಹೇಳಿಯಾರು. ಮಟ್ಟನ್ನು ಕನ್ನಡದ ಉಪಾಧ್ಯಾಯರು ಕೂಡಿಸಿಯಾರು. ಅದಕ್ಕೂ ಮೊದಲು ಊರಿನಲ್ಲಿ ಕಲ್ಲು ಕೆಲಸ ಮಾಡುವ ಹಿರಿಯರಿದ್ದರೆ ಅವರ ಬಳಿಗೆ ಹೋಗಿರಿ. ಬಂಡೆಯ ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಹೊರಟ ಸದ್ದಿನಿಂದಲೇ ಒಳಗೆ ಬಿರುಕಿದೆಯೋ ಇಲ್ಲವೋ ಎಂಬುದನ್ನು ಅವರು ಹೇಳಬಲ್ಲರು. ಊರಿನ ಸುತ್ತಣ ಕಲ್ಲುಗಳಿಗೆ ಅವರಲ್ಲಿ ತಮ್ಮವೇ ಆದ ಹೆಸರುಗಳಿರುತ್ತವೆ. ಅವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದರಿಂದಲೇ ಕೆಲಸವನ್ನು ಆರಂಭಿಸಬಹುದು.